ಮಗ್ಗದ ಪಾನಾ, ಕಾರಿನ ಫ್ಯಾನು

ಓದಿದವರಿಗೆ ಒಂದು ಕಾಯಿಲೆ ಇರುತ್ತದೆ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಬಂದರೆ ಸಾಕು, ಅದನ್ನು ಬಿಚ್ಚಿ ಜೋಡಿಸಲೂ ಬರುತ್ತದೆ ಎಂದು ನಂಬಿಬಿಡುತ್ತಾರೆ. ನನಗೆ ಈ ಕಾಯಿಲೆ ಬಹಳ ಹಳೆಯದು. ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಎಂಜಿನ್ ಯಾಕೆ ಕಾಯುತ್ತದೆ, ನೀರು ಅದನ್ನು ಹೇಗೆ ತಂಪು ಮಾಡುತ್ತದೆ, ಆ ನೀರನ್ನು ಫ್ಯಾನು ಹೇಗೆ ತಂಪು ಮಾಡುತ್ತದೆ ಎಂಬುದನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸುತ್ತೇನೆ. ಆ ಚಿತ್ರದಲ್ಲಿ ಫ್ಯಾನನ್ನು ಹಿಡಿದಿಡುವ ಬೋಲ್ಟುಗಳನ್ನು ನಾನು ಒಂದು ಸಲವೂ ಬರೆದಿಲ್ಲ. ಬರೆದಿದ್ದರೆ ಅವು ನಾಲ್ಕಿರುತ್ತವೆ, ಅದರಲ್ಲಿ ನಾಲ್ಕನೆಯದಕ್ಕೆ ಮನುಷ್ಯನ ಕೈ ಹೋಗುವುದಿಲ್ಲ ಎಂಬುದಾದರೂ ಗೊತ್ತಿರುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಹುನ್ನೂರಿನಲ್ಲಿ ಒಬ್ಬರ ಮನೆಯ ಊಟ ಮುಗಿಸಿ ಬರುವಾಗ ನನ್ನ ಹಳೆಯ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ಬಾನೆಟ್ಟಿನಿಂದ ಹೊಗೆ ಎದ್ದಿತು. ನಿಂತು ನಿಂತು ಹೇಗೋ ಗ್ಯಾರೇಜು ಮುಟ್ಟಿದೆ. ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಮೇಸ್ತ್ರಿ ಒಮ್ಮೆ ಇಣುಕಿ, "ಫ್ಯಾನ್ ಜಾಮ್ ಆಗೇತ್ರಿ ಸರ್. ಬಿಚ್ಚಬೇಕು. ಸೋಮವಾರ ನೋಡೂಣ್ರಿ. ಫ್ಯಾಕ್ಟರಿ ಚಾಲೂ ಐತಿ, ಕಬ್ಬಿನ ಗಾಡಿ ನಿಂತ್ರ ಮಂದಿ ನನ್ನ ಬಿಚ್ಚತಾರ" ಎಂದ.

ನನಗೆ ಕಾರು ಬೇಕಾಗಿದ್ದುದು ಭಾನುವಾರ. ಬನಹಟ್ಟಿಯಲ್ಲಿರುವ ನನ್ನ ಅಣ್ಣನನ್ನು ಮುಧೋಳದ ಕಿವಿಯ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಡಾಕ್ಟರು ಹೊರ ಊರಿನವರು, ತಿಂಗಳಿಗೊಂದು ಭಾನುವಾರ ಬರುತ್ತಾರೆ, ಹನ್ನೆರಡಕ್ಕೆ ಎದ್ದು ಹೋಗುತ್ತಾರೆ. ಅಣ್ಣ ಮೂವತ್ತೈದು ವರ್ಷ ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ರಿಪೇರಿ ಮಾಡಿ ಕಿವಿ ಕಳೆದುಕೊಂಡವನು. ನಮ್ಮಪ್ಪನಿಗೆ ಇಬ್ಬರನ್ನೂ ಓದಿಸುವ ಶಕ್ತಿ ಇರಲಿಲ್ಲ. ಅಣ್ಣ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಹೋದ, ನಾನು ಅವನ ಪಗಾರದಲ್ಲಿ ಬಿ.ಎಸ್ಸಿ. ಮಾಡಿದೆ. ಇದನ್ನು ಅವನು ಎಂದೂ ಎತ್ತಿ ಆಡಿಲ್ಲ. ಅದೇ ನನಗೆ ಸಿಟ್ಟು. ಒಂದು ಸಲ ಎತ್ತಿ ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಹಿಂದಿನ ಎರಡು ತಿಂಗಳೂ ಡಾಕ್ಟರ ದಿನವನ್ನು ತಪ್ಪಿಸಿದವನು ನಾನೇ. ಒಮ್ಮೆ ತರಬೇತಿ ಇತ್ತು, ಒಮ್ಮೆ ಸುಮ್ಮನೆ ಬೇಸರವಿತ್ತು. ಅಷ್ಟರಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನು ಮಾಡಿ ಅತ್ತಿದ್ದರು. "ಹಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡದ ಹೊಡಿತು, ಇವರಿಗೆ ಕೇಳಲೇ ಇಲ್ರಿ. ಯಾರೋ ಅಂಗಿ ಹಿಡದು ಜಗ್ಗಿದ್ರು, ಉಳಕೊಂಡ್ರು."

"ಬನಹಟ್ಟಿಂದ ಮುಧೋಳಕ್ಕ ಬಸ್ ಇಲ್ಲೇನ್ರಿ? ನೀವೂ ಬಸ್ಸಿಗೇ ಹೋಗ್ರಿ" ಎಂದಳು ನನ್ನ ಹೆಂಡತಿ ಗಿರಿಜಾ. ಬಸ್ಸು ಬೇಕಾದಷ್ಟಿವೆ. ಆದರೆ ಕಾರಿನಲ್ಲಿ ಮನೆಬಾಗಿಲಿಗೆ ಬಂದು ಕರೆದೊಯ್ಯುತ್ತೇನೆ ಎಂದು ನಾನು ಹೇಳಿಯಾಗಿತ್ತು. ಒಂದು ಕಾಲೇಜಿನ ಋಣವನ್ನು ಒಂದು ಕಾರಿನ ಸವಾರಿಯಲ್ಲಿ ತೀರಿಸುವ ನನ್ನ ಯೋಜನೆಗೆ ಬಸ್ಸು ಒಗ್ಗುತ್ತಿರಲಿಲ್ಲ.

ಗ್ಯಾರೇಜಿನಿಂದ ಕಾರನ್ನು ಮೆಲ್ಲಗೆ ಮನೆಗೆ ತಂದಿದ್ದೆ, ಫ್ಯಾನನ್ನು ನಾನೇ ಬಿಚ್ಚುವುದೆಂದು ನಿಶ್ಚಯಿಸಿದೆ. ಮನೆಯಲ್ಲಿ ಅಣ್ಣನದೇ ಒಂದು ಚೀಲವಿತ್ತು. ನಮ್ಮ ನೀರಿನ ಮೋಟಾರು ರಿಪೇರಿಗೆ ಬಂದಾಗ ಬಿಟ್ಟುಹೋಗಿದ್ದ. ಅದರ ತುಂಬ ಎಣ್ಣೆ ಕುಡಿದು ಕರ್ರಗಾದ ಪಾನಾಗಳು. ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಎನ್ನುತ್ತಾರೆ. ಒಂದು ಪಾನಾ ಬೋಲ್ಟಿಗೆ ಹೆಚ್ಚೂಕಡಿಮೆ ಕೂತಿತು. ಸ್ವಲ್ಪ ಸಡಿಲಿತ್ತು, ಆದರೂ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ತುರುಕಿ ತಿರುಗಿಸಿದೆ. ಎರಡು ಬೋಲ್ಟು ಬಂದವು. ಆಗ ನನ್ನ ಎದೆ ಎಷ್ಟು ಉಬ್ಬಿತೆಂದರೆ ಗಿರಿಜಾಳನ್ನು ಕರೆದು ತೋರಿಸಿದೆ. ಮೂರನೆಯದಕ್ಕೆ ಪಾನಾ ಕರಕ್ಕೆಂದು ಜಾರಿತು. ಇನ್ನೊಮ್ಮೆ ಜೋರು ಹಾಕಿದೆ, ಇನ್ನೊಮ್ಮೆ ಜಾರಿತು. ಆರು ಮೂಲೆಯ ಬೋಲ್ಟು ಗೋಲಿಯಂತೆ ನುಣ್ಣಗಾಯಿತು. ಅಡುಗೆಮನೆಯ ಇಕ್ಕಳ ತಂದು ಹಿಡಿದೆ, ಅದರ ಬಾಯಿ ಸೊಟ್ಟಗಾಯಿತು. ಲಟ್ಟಣಿಗೆಯಿಂದ ಮೀಟಿದೆ, ಫ್ಯಾನಿನ ಒಂದು ರೆಕ್ಕೆಯ ತುದಿ ಚಟ್ಟೆಂದು ಮುರಿಯಿತು. ಗಿರಿಜಾ ಲಟ್ಟಣಿಗೆ ಕಸಿದುಕೊಂಡು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ವೈನಿಗೆ ಫೋನು ಮಾಡಿದೆ. ಅಣ್ಣನನ್ನು ಬಸ್ಸಿಗೆ ಕಳಿಸಿ, ನಾನೂ ಬಸ್ಸಿಗೆ ಬಂದು ಮುಧೋಳದಲ್ಲಿ ಕೂಡುತ್ತೇನೆ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಸ್ವಲ್ಪ ತಡಾ ಆಗ್ತೈತ್ರಿ. ಫ್ಯಾನ್ ಬಿಚ್ಚಾಕತ್ತೇನಿ" ಎಂದೆ. ಒಂಬತ್ತಕ್ಕೆ ಅಣ್ಣ ಗೇಟಿನಲ್ಲಿ ನಿಂತಿದ್ದ. ಡಾಕ್ಟರ ಹತ್ತಿರ ಹೋಗಲೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮುಧೋಳದ ಬಸ್ಸು ಬಿಟ್ಟು ಜಮಖಂಡಿಯ ಬಸ್ಸು ಹತ್ತಿದ್ದ.

ಅವನು ಪಾನಾ ನೋಡಿದ, ಬೋಲ್ಟು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಇದು ಮಗ್ಗದ ಪಾನಾ ಐತೋ ತಮ್ಮಾ. ಹಳೇ ಮಗ್ಗಕ್ಕ ಇಂಚಿನ ಲೆಕ್ಕ. ಗಾಡಿಗೆ ಮಿಲಿಮೀಟರ್. ಸಾಲ್ಯಾಗ ಹೇಳಿಕೊಡೂದಿಲ್ಲೇನು?"

ಹೇಳಿಕೊಡುತ್ತಾರೆ. ಎಂಟನೆಯ ತರಗತಿಗೆ ನಾನೇ ಹೇಳಿಕೊಡುತ್ತೇನೆ.

"ಅದನ್ನ ಬಿಡಣ್ಣಾ, ಬಸ್ಸಿಗೆ ಹೋಗೂಣು, ಇನ್ನೂ ಟೈಮ್ ಐತಿ" ಎಂದು ಅವನ ಕಿವಿಯ ಹತ್ತಿರ ಕೂಗಿದೆ. ಎರಡು ಸಲ ಕೂಗಿದೆ. ಮೂರನೆಯ ಸಲ ಕೂಗಲಿಲ್ಲ ಎಂಬುದನ್ನೂ ಹೇಳಬೇಕು. "ನಾಳೆ ಸಾಲಿಗೆ ಹೆಂಗ ಹೋಗ್ತಿ?" ಎನ್ನುತ್ತ ಅವನು ಬಿಳಿ ಅಂಗಿ ಕಳಚಿ ಗೇಟಿಗೆ ಹಾಕಿ, ಬನಿಯನ್ನಿನಲ್ಲಿ ನೆಲಕ್ಕೆ ಕೂತ. ನುಣ್ಣಗಾದ ಬೋಲ್ಟಿನ ತಲೆಯನ್ನು ಕಾನಸಿನಿಂದ, ಅಂದರೆ ಅರದಿಂದ, ಎರಡು ಕಡೆ ಉಜ್ಜಿ ಚಪ್ಪಟೆ ಮಾಡಿ, ಚೀಲದ ಒಂದು ಸಣ್ಣ ಪಾನಾ ಕೂರಿಸಿ ತಿರುಗಿಸಿದ. ನಾಲ್ಕನೆಯದಕ್ಕೆ ಕಾರಿನ ಕೆಳಗೆ ಮಲಗಿದ. ನಾನು ಚಹಾ ಕೊಟ್ಟೆ. ಫ್ಯಾನು ಹೊರಗೆ ಬಂತು, ಮೋಟಾರಿನೊಳಗಿನ ಧೂಳು ತೆಗೆದು ಎಣ್ಣೆ ಬಿಟ್ಟ, ಬ್ಯಾಟರಿಗೆ ತಂತಿ ಮುಟ್ಟಿಸಿದ, ತಿರುಗಿತು. ಎಲ್ಲ ಜೋಡಿಸಿ ಎದ್ದಾಗ ಒಂದು ಗಂಟೆ ಆಗಿತ್ತು.

"ಡಾಕ್ಟರ್ ಮುಂದಿನ ತಿಂಗಳೂ ಬರ್ತಾನ" ಎಂದ ಅಣ್ಣ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಸೋಮವಾರಕ್ಕೆ ಕಾರು ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಇಂಥ ಮನುಷ್ಯ ನಾನು.

ಅವನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಬಂದರು. "ಏನ್ರಿ ಮಾಸ್ತರ, ಫ್ಯಾನ್ ನೀವs ಬಿಚ್ಚಿದ್ರೇನು?"

ಅಣ್ಣ ಹತ್ತು ಹೆಜ್ಜೆ ದೂರದಲ್ಲಿದ್ದ. ನಾನು ದನಿ ತಗ್ಗಿಸಿ, "ಹೌದ್ರಿ. ಏನ್ ದೊಡ್ಡ ಕೆಲಸ? ಅಣ್ಣ ಸ್ವಲ್ಪ ಕೈ ಹಚ್ಚಿದ" ಎಂದೆ.

"ಖರೆ ಐತ್ರಿ!" ಎಂದ ಅಣ್ಣ, ಕಿವುಡರ ದೊಡ್ಡ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ. "ಎಲ್ಲಾ ಅವನs ಮಾಡಿದ. ನಾ ಬರೇ ಪಾನಾ ಹಿಡಕೊಂಡು ನಿಂತಿದ್ದೆ. ನಮ್ಮ ತಮ್ಮ ಸಾಲಿ ಕಲಿತಾನ್ರಿ!"

ಮಗ್ಗದ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಅಲ್ಲಿ ದುಡಿಯುವವರು ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಮಗ್ಗದ ಮನೆಯಲ್ಲಿ ಹುಟ್ಟಿದ ನಾನು ಇದನ್ನು ಮರೆತಿದ್ದೆ.

ಬನಹಟ್ಟಿಯವರೆಗೆ ಬಿಟ್ಟು ಬರುತ್ತೇನೆ ಎಂದರೆ ಒಪ್ಪಲಿಲ್ಲ, "ಬಸ್‌ಸ್ಟ್ಯಾಂಡ್ ಸಾಕು, ಯಾಕ ಎಣ್ಣಿ ಸುಡ್ತಿ" ಎಂದ. ಬಿಳಿ ಅಂಗಿ ಹಾಕಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತು, ನಾನೇನಾದರೂ ಹೇಳಬಹುದೆಂದು ನನ್ನ ಬಾಯಿಯನ್ನೇ ನೋಡುತ್ತಿದ್ದ. ಬಸ್‌ಸ್ಟ್ಯಾಂಡ್ ಬರುವವರೆಗೂ ನಾನು ತುಟಿ ಪಿಟಕ್ಕೆನ್ನಲಿಲ್ಲ.