ಬಾಣಂತಿಗೊಂದು ಜೀನ್ಸ್ ಡೇರೆ

ಮನುಷ್ಯನ ನಾಗರಿಕತೆ ಆರಂಭವಾದದ್ದು ಬಟ್ಟೆಯಿಂದ. ಈ ಗಂಭೀರ ಸತ್ಯವನ್ನು ಯಾವ ಪಂಡಿತರೂ ನನಗೆ ಹೇಳಿಕೊಟ್ಟದ್ದಲ್ಲ. ರಾಯದುರ್ಗದಲ್ಲಿ ಮನೆ ಮುಂದಿನ ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ನನಗೆ ಕರೆಂಟು ಹೋದಾಗ ತಾನಾಗಿ ಹೊಳೆದದ್ದು.

ಸೊಸೆ ರೇಣುಕಾ ಮದುವೆಗೆ ಮೊದಲು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಪಳಗಿದವಳು. ಹೆರಿಗೆಯಾಗಿ ಮೂರು ತಿಂಗಳು ತುಂಬಿದ್ದೇ, "ಸುಮ್ನ ಕುಂತ್ರ ಕೈ ಜಡ್ಡಾಗ್ತಾವ್ರಿ ಮಾವಾರ" ಎಂದು ಮಷೀನಿಗೆ ಬಂದು ಕುಳಿತಳು. ತೊಟ್ಟಿಲೂ ಶೆಡ್ಡಿಗೆ ಬಂತು. ಕೂಸು ಅತ್ತಿತೋ ಇಲ್ಲವೋ, ಗುಂಡಿ ಹಚ್ಚುವ ಕೊಟ್ರಮ್ಮ ಸೂಜಿ ಕೆಳಗಿಟ್ಟು ತೀರ್ಪು ಕೊಡುತ್ತಿದ್ದಳು:

"ಹಾಲು ಸಾಲವಲ್ದು ಯವ್ವಾ. ಡಬ್ಬಿ ಹಾಲು ತರಿಸ್ರಿ."

ದಿನವೂ ಇದೇ ತೀರ್ಪು. ಕೇಳಿ ಕೇಳಿ ರೇಣುಕಾಳ ಮುಖ ಸಣ್ಣದಾಯಿತು. "ಖರೇನ ಸಾಲವಲ್ದೇನ್ರಿ ಅತ್ತಿ?" ಎಂದು ನನ್ನ ಹೆಂಡತಿ ಪಾರ್ವತಿಯನ್ನು ಕೇಳತೊಡಗಿದಳು.

ಅಂಗನವಾಡಿಯ ತಾಯಂದಿರ ಸಭೆಗೆ ಕುರ್ಚಿ ಒದಗಿಸಿದ ಗಣ್ಯನೆಂಬ ಹಕ್ಕಿನಿಂದ ನಾನೂ ಹಿಂದೆ ಕುಳಿತಿದ್ದೆ. ಆರು ತಿಂಗಳವರೆಗೆ ತಾಯಿಯ ಹಾಲೇ ಸಾಕು, ಮಗು ಕೇಳಿದಾಗೆಲ್ಲ ಕುಡಿಸಿ, ಮನೆಯವರು ತಾಯಿಗೆ ಧೈರ್ಯ ಕೊಡಿ ಎಂದರು ನರ್ಸಮ್ಮ. ಧೈರ್ಯ ಎಂದೊಡನೆ ನನಗೆ ಪರದೆ ಎಂದು ಅರ್ಥವಾಯಿತು. ಬಟ್ಟೆಯವನಿಗೆ ಎಲ್ಲವೂ ಹಾಗೇ ಅರ್ಥವಾಗುತ್ತದೆ.

ಮರುದಿನವೇ ಜೀನ್ಸಿನ ಹೊಸ ಡೆನಿಮ್ ಬಟ್ಟೆಯ ಥಾನು ಬಿಚ್ಚಿದೆ. ಅಳತೆ ನಾನೇ, ಕತ್ತರಿ ನಾನೇ. ಸುತ್ತ ಗೋಡೆ, ಮೇಲೆ ಛಾವಣಿ, ದಪ್ಪ ದಾರದ ಡಬಲ್ ಹೊಲಿಗೆ, ಬಾಗಿಲಿಗೆ ಜಿಪ್ಪು. ಕರವಸ್ತ್ರ ಇಟ್ಟುಕೊಳ್ಳಲು ಎರಡು ಹಿಂಜೇಬು! ಶೆಡ್ಡಿನ ಮೂಲೆಯಲ್ಲಿ ಡೇರೆ ನಿಲ್ಲಿಸಿ, ಶಾಸ್ತ್ರೋಕ್ತವಾಗಿ ತೆಂಗಿನಕಾಯಿ ಒಡೆದೆ.

"ಏನ್ರೀ ಇದು? ಹಾಲು ಕುಡಿಸಾಕೋ, ಕುರಿಮರಿ ಕೂಡಿ ಹಾಕಾಕೋ?" ಎಂದಳು ಪಾರ್ವತಿ. ಗುಮ್ಮಘಟ್ಟದ ಕಡೆ ಕುರಿ ಸಾಕುವವರ ಮಗಳು. ಅವಳಿಗೆ ಬೇರೆ ಉಪಮೆ ಸಿಗುವುದಿಲ್ಲ.

"ಸೊಸಿಗೆ ಧೈರ್ಯ ಕೊಡಾಕತ್ತೀನಿ."

"ಗಾಳಿ?"

"ಮೊದ್ಲು ಧೈರ್ಯ. ಗಾಳಿ ಆಮ್ಯಾಲ!"

ಮಾವನ ಮಾತು ಮೀರಬಾರದೆಂದು ರೇಣುಕಾ ಕೂಸಿನೊಂದಿಗೆ ಒಳಗೆ ಹೋದಳು. ಜಿಪ್ಪು ಎಳೆದೆ. ಹೊರಗೆ ರಾಯದುರ್ಗದ ಬೇಸಿಗೆ, ಒಳಗೆ ಆ ಬೇಸಿಗೆಯನ್ನೇ ಹೆತ್ತ ತಾಯಿ. ಸ್ವಲ್ಪ ಹೊತ್ತಿಗೆ ಕೂಸು ಚೀರಿತು.

"ಮಾವಾರ, ಜಿಪ್ಪು ಬರವಲ್ದು!"

"ಜೋರಾಗಿ ಎಳಿಯವ್ವ, ಗಟ್ಟಿ ಜಿಪ್ಪು ಅದು!"

ಗಟ್ಟಿಯೇ. ಕೊನೆಗೆ ನಾನು ಕಟಿಂಗ್ ಕತ್ತರಿ ಹಿಡಿದು ನನ್ನ ಮಹಾಕೃತಿಯನ್ನು ಮೇಲಿಂದ ಕೆಳಗೆ ಸೀಳಿದೆ. ಬೆವರಿನಲ್ಲಿ ತೊಯ್ದ ತಾಯಿ ಮಗು ಹೊರಗೆ ಬಂದರು. ಕೂಸಿನ ಕೆನ್ನೆ ನೀಲಿ. ಮೂಗು ನೀಲಿ. ಕೈಕಾಲು ನೀಲಿ!

"ಅಯ್ಯೋ ಶಿವನೇ!" ಕೊಟ್ರಮ್ಮ ಎದೆ ಬಡಿದುಕೊಂಡಳು. "ತಾಯಿ ಹಾಲು ಇಸ ಆಗೈತವ್ವೋ!"

ರೇಣುಕಾ ಕೂಸನ್ನು ಎದೆಯಿಂದ ದೂರ ಹಿಡಿದಳು. "ನನ್ನ ಹಾಲಿಂದನಾ?" ಎಂದಳು.

ಸಿಕ್ಕ ಆಟೋದಲ್ಲಿ ಇಡೀ ಹೊಲಿಗೆ ಯೂನಿಟ್ಟು ಆಸ್ಪತ್ರೆಗೆ ನುಗ್ಗಿತು. ಡಾಕ್ಟರಮ್ಮ ಕೂಸನ್ನು ನೋಡಿದರು, ರೇಣುಕಾಳ ನೀಲಿ ಮೊಣಕೈ ನೋಡಿದರು, ಕೊನೆಗೆ ನನ್ನ ಅಂಗೈ ನೋಡಿದರು. ಅದು ವರ್ಷಗಳಿಂದ ನೀಲಿ. ನನಗದು ಬಣ್ಣವೆಂದೇ ಅನ್ನಿಸುವುದಿಲ್ಲ. ಒದ್ದೆ ಹತ್ತಿಯಿಂದ ಒರೆಸಿದರು. ನೀಲಿಯ ಅಡಿಯಿಂದ ನಮ್ಮ ಕೂಸು ಹೊರಗೆ ಬಂತು.

"ವಾಶ್ ಮಾಡದ ಬಟ್ಟೆಯಾ?" ಎಂದು ಕೇಳಿದರು.

ಹೊಸ ಜೀನ್ಸ್ ಬಣ್ಣ ಬಿಡುತ್ತದೆ, ಬೇರೆಯಾಗಿ ಒಗೆಯಿರಿ ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತ ಬಂದವನು ನಾನು. ಹೌದೆಂದು ತಲೆಯಾಡಿಸಿದೆ.

ಅವರು ಕೂಸನ್ನು ತೂಗಿ, ಹುಟ್ಟಿದಾಗಿನ ತೂಕ ಕೇಳಿಕೊಂಡು ರೇಣುಕಾಳತ್ತ ತಿರುಗಿದರು. "ತೂಕ ಚೆನ್ನಾಗಿ ಏರಿದೆಯಮ್ಮ. ನಿನ್ನ ಹಾಲು ಬೇಕಾದಷ್ಟಿದೆ. ಕೆಟ್ಟಿರೋದು ನಿಮ್ಮ ಮಾವನ ಬುದ್ಧಿ ಮಾತ್ರ."

ಕೂಸು ಮತ್ತೆ ಅತ್ತಿತು. ರೇಣುಕಾ ಕಣ್ಣೊರೆಸಿಕೊಂಡು, ವರಾಂಡದ ಬೆಂಚಿನ ಮೇಲೆ ಕುಳಿತು, ಸೆರಗು ಮರೆಮಾಡಿ ಕುಡಿಸತೊಡಗಿದಳು. ಕೊಟ್ರಮ್ಮ ಬಾಯಿ ತೆರೆದಳು:

"ಅಲ್ಲವ್ವ, ಹಾಲು..."

"ಹಾಲಿನ ಚಿಂತಿ ನನಗಿರ್ಲಿ ಅಮ್ಮ. ನೀವು ಗುಂಡಿ ಹಚ್ರಿ" ಎಂದಳು ರೇಣುಕಾ.

ಡಬ್ಬಿ ಹಾಲು ತರಲಿಲ್ಲ. ರೇಣುಕಾ ಈಗ ತನ್ನ ಮಷೀನಿನ ಪಕ್ಕದಲ್ಲೇ ಕುಳಿತು ಕೂಸು ಕೇಳಿದಾಗೆಲ್ಲ ಕುಡಿಸುತ್ತಾಳೆ. ಆ ಹೊತ್ತು ನಾನು ಶೆಡ್ಡಿನ ಹೊರಗೆ ನಿಲ್ಲುತ್ತೇನೆ.