ಡೌನ್‌ಲೋಡ್ ಆಗದ ನಿದ್ದೆ

ವರದರಾಜನ ಆ ದಿನದ ಪೇಚಾಟ ಶುರುವಾದದ್ದು ಒಂದು ಗೊರಕೆಯಿಂದ. ಶಿಡ್ಲಘಟ್ಟದ ಪದ್ಮಾ ಟಾಕೀಸಿನ ಮ್ಯಾನೇಜರ್ ಆಗಿದ್ದ ಅವನು, ಬೆಳಗಿನ ಆಟಕ್ಕೆ ಎಷ್ಟು ಜನ ಬಂದಿದ್ದಾರೆಂದು ಬಾಗಿಲ ಪರದೆ ಸರಿಸಿ ನೋಡಿದ. ಬಂದಿದ್ದವರು ಒಬ್ಬರೇ, ಮೇಲೂರಿನ ರೈತ ಮುನಿಶಾಮಪ್ಪ. ಅವರೂ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದರು.

ವರದರಾಜನಿಗೆ ಅಳು ಬರುವುದೊಂದು ಬಾಕಿ. ಶುಕ್ರವಾರ ಬಿಡುಗಡೆಯಾದ ಸಿನಿಮಾ ಗುರುವಾರವೇ ಊರಿನವರ ಫೋನಿಗೆಲ್ಲ ಪುಕ್ಕಟೆಯಾಗಿ ಬಂದು ಕೂತಿತ್ತು. ನಿರ್ಮಾಪಕ ಕೇಶವ್ ಮಧ್ಯಾಹ್ನ ಖುದ್ದಾಗಿ ಬರುವವರಿದ್ದರು. ಇವತ್ತಿನ ಮ್ಯಾಟಿನಿಯೂ ಸಂಜೆಯ ಆಟವೂ ತುಂಬದಿದ್ದರೆ ಸಿನಿಮಾ ಎತ್ತಂಗಡಿ, ಟಾಕೀಸಿಗೆ ಬೀಗ. ಇಪ್ಪತ್ತು ವರ್ಷ ಆ ಕತ್ತಲೆಯಲ್ಲೇ ಬದುಕಿದವನಿಗೆ ಹೊರಗಿನ ಬಿಸಿಲಿನಲ್ಲಿ ಏನು ಮಾಡಬೇಕೆಂದೇ ಗೊತ್ತಿರಲಿಲ್ಲ.

“ಯಜಮಾನ್ರೇ, ಪಿಕ್ಚರ್ ಅಷ್ಟೊಂದು ಬೋರಾ?” ಎಂದು ಮುನಿಶಾಮಪ್ಪನವರ ಭುಜ ಅಲುಗಿಸಿದ.

“ಪಿಕ್ಚರ್ ಫೋನ್‌ನಾಗೇ ನೋಡ್ಬುಟ್ಟಿದೀನಿ ಕಣಪ್ಪ. ರೇಷ್ಮೆ ಹುಳ ಗೂಡು ಕಟ್ಟೋಗಂಟ ಹಗ್ಲೂ ರಾತ್ರಿ ಸೊಪ್ಪು ಹಾಕಿ ಹಾಕಿ ಕಣ್ಣು ಉರೀತಾವೆ. ಬೆಳಿಗ್ಗೆ ಮಾರ್ಕೆಟ್‌ನಾಗೆ ಗೂಡು ಮಾರ್ದೆ, ಇಲ್ಲಿ ಬಂದು ಬಿದ್ಕೊಂಡೆ. ಇಂಥಾ ನಿದ್ದೆ ಫೋನ್‌ನಾಗೆ ಸಿಗ್ತದಾ? ಎಬ್ಬಿಸ್ಬ್ಯಾಡ ಹೋಗಯ್ಯಾ!”

ವರದರಾಜನ ತಲೆಯಲ್ಲಿ ದೀಪ ಹತ್ತಿತು. ಗೂಡಿನ ಮಾರ್ಕೆಟ್ಟಿಗೆ ಓಡಿದವನೇ, “ಅಪ್ಪಂದಿರಾ, ಅಮ್ಮಂದಿರಾ, ಟಾಕೀಸಿಗೆ ಬಂದು ಮಲಗಿ! ಸಿನಿಮಾ ನೋಡ್ಲೇಬೇಕು ಅಂತ ಬಲವಂತ ಇಲ್ಲ!” ಎಂದು ಕೂಗಿದ. ಮ್ಯಾಟಿನಿ ಭರ್ತಿಯಾಯಿತು.

ಆದರೆ ಮೊದಲ ಫೈಟಿಗೇ, ಗೂಡು ಮಾರಲು ಬಂದಿದ್ದ ಸಾದಲಿಯ ಅಜ್ಜಿಯೊಬ್ಬರು ಧಡಕ್ಕನೆ ಎದ್ದು ಕೂತರು. “ಯಾವನಯ್ಯಾ ಅವ್ನು, ನಾಲ್ಕು ಜನ ಮಲಗಿರೋ ಕಡೆ ಹೊಡ್ದಾಡೋನು?”

ಟಿಕೆಟ್ ಕೊಡುವ ಅನಸೂಯಮ್ಮ ಓಡಿ ಬಂದರು. “ಸಾರ್, ಫೈಟೆಲ್ಲ ಹಾರ್ಸಿ. ಆ ಮಂಜಿನ ಹಾಡಿದೆಯಲ್ಲ, ಅದನ್ನೇ ತಿರುಗಿಸಿ ತಿರುಗಿಸಿ ಹಾಕಿ. ಇಂಟರ್‌ವಲ್ ಬೆಲ್ಲಿಗೆ ಬಟ್ಟೆ ಸುತ್ತಿದೀನಿ.”

ಆಮೇಲೆ ಖಳನಾಯಕ ಬರಲೇ ಇಲ್ಲ. ನಾಯಕ ನಾಯಕಿ ಮಂಜಿನಲ್ಲಿ ಮೆಲ್ಲಗೆ ನಡೆಯುತ್ತಲೇ ಇದ್ದರು. ಫ್ಯಾನುಗಳು ಕಿರ್ರ್ ಎಂದು ತಿರುಗುತ್ತಿದ್ದವು. ಪರದೆಯ ನೀಲಿ ಬೆಳಕು ದಣಿದ ಮುಖಗಳ ಮೇಲೆ ಬೆಳದಿಂಗಳಂತೆ ಬಿದ್ದಿತ್ತು. ಮುನ್ನೂರು ಜನರ ಉಸಿರು ಒಟ್ಟಿಗೇ ಏರುತ್ತಿತ್ತು, ಒಟ್ಟಿಗೇ ಇಳಿಯುತ್ತಿತ್ತು. ಇಷ್ಟು ಚೆಂದದ ಪ್ರೇಕ್ಷಕರನ್ನು ವರದರಾಜ ಈವರೆಗೆ ಕಂಡಿರಲಿಲ್ಲ. ಅವನಿಗೆ ತುಂಬ ಸಂತೋಷವಾಯಿತು.

ಅಷ್ಟರಲ್ಲಿ ಬಂದ ಕೇಶವ್ ತುಂಬಿದ ಸೀಟುಗಳನ್ನು ನೋಡಿ ಬೆರಗಾದರು. ಎರಡು ನಿಮಿಷ ಎಂದು ಕೂತವರು ಎದ್ದದ್ದು ಎರಡು ತಾಸಿನ ಮೇಲೆ.

“ಈ ಪೈರಸಿ ಚಿಂತೇಲಿ ಮೂರು ತಿಂಗಳಿಂದ ಕಣ್ಣು ಮುಚ್ಚಿರ್ಲಿಲ್ಲ ಕಣ್ರೀ! ಸಿನಿಮಾ ಯಾರು ಬೇಕಾದ್ರೂ ಕದೀಲಿ, ಈ ನಿದ್ದೇನ ಯಾವನೂ ಡೌನ್‌ಲೋಡ್ ಮಾಡೋಕಾಗಲ್ಲ. ಸಂಜೆ ಆಟಾನೂ ಹಿಂಗೇ ತುಂಬಿದ್ರೆ, ವರ್ಷ ಪೂರ್ತಿ ನನ್ನ ಸಿನಿಮಾ ಎಲ್ಲ ನಿಮಗೇ!”

ಸಂಜೆಯ ಆಟಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ.

ಗಾಬರಿಯಾದ ವರದರಾಜ, ಜನರನ್ನು ಹುಡುಕುತ್ತ ಕೇಶವ್ ಜೊತೆಗೆ ಬಸ್‌ಸ್ಟ್ಯಾಂಡಿಗೆ ಹೋದ. ಬೆಂಚುಗಳ ಮೇಲೆಲ್ಲ ಜನ ಎದೆಯ ಮೇಲೆ ಫೋನಿಟ್ಟುಕೊಂಡು ತೂಕಡಿಸುತ್ತಿದ್ದರು. ಒಂದೊಂದು ಫೋನಿನಿಂದಲೂ ಅದೇ ಮಂಜಿನ ಹಾಡು, ಅದೇ ಫ್ಯಾನಿನ ಕಿರ್ರ್, ಅದೇ ಮುನ್ನೂರು ಗೊರಕೆ!

ಮುನಿಶಾಮಪ್ಪ ಒಂದು ಕಣ್ಣು ತೆರೆದರು. “ಗೌರಿಬಿದನೂರಿನ ನೆಂಟ ಕಳ್ಸಿದ್ದು ಕಣಪ್ಪ. ಫ್ರೀ. ಕಿವಿ ಹತ್ರ ಇಟ್ಕೊಂಡ್ರೆ ನಿಮ್ಮ ಟಾಕೀಸ್ನಾಗೇ ಮಲಗಿದಂಗಾಗ್ತದೆ.”

“ಯಾವ ಕಳ್ಳ ಇದನ್ನ ರೆಕಾರ್ಡ್ ಮಾಡಿದ್ದು?” ವರದರಾಜ ಕಿರುಚಿದ.

ಕೇಶವ್ ತಲೆ ಕೆರೆದುಕೊಂಡರು. “ನಾನೇ ಕಣ್ರೀ. ಮನೇಲಿ ಮಲಗುವಾಗ ಹಾಕ್ಕೊಳ್ಳೋಣ ಅಂತ. ಹೊರಗಡೆ ಯಾರಿಗೂ ಕೊಟ್ಟಿಲ್ಲಪ್ಪ! ನಮ್ಮ ಪೈರಸಿ ತಡೆ ಸಮಿತಿ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಿದ್ದೆ.”

ಬೈಯಬೇಕೆಂದು ವರದರಾಜ ಬಾಯಿ ತೆರೆದ. ಬಂದದ್ದು ಆಕಳಿಕೆ. ಮುನಿಶಾಮಪ್ಪ ಕಣ್ಣು ಮುಚ್ಚಿಕೊಂಡೇ ಬೆಂಚಿನಲ್ಲಿ ಅತ್ತ ಸರಿದು ಅವನಿಗೆ ಜಾಗ ಬಿಟ್ಟರು.