ಬೆಳಗಿನ ಹೊತ್ತು ನೋಡಿದ ಮನೆ

ಕಳೆದ ಜನವರಿಯ ಒಂದು ಸೋಮವಾರ, ಕೊಡಗಿನ ನಮ್ಮ ಪಟ್ಟಣದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಬಂದು, ಮೇ ಕೊನೆಯೊಳಗೆ ಮನೆ ಖಾಲಿ ಮಾಡಬೇಕೆಂದು ತಿಳಿಸಿದರು. ಅದನ್ನು ಹೋಮ್‌ಸ್ಟೇ ಮಾಡುವುದು ಕಾರಣ. ನಾವು ಬಟ್ಟೆ ಒಣಗಿಸುವ ಹಿಂಬದಿಯ ಜಗುಲಿಗೆ ‘ವ್ಯಾಲಿ ವ್ಯೂ’ ಎಂಬ ಹೆಸರಿರುವುದು ಅಂದೇ ನಮಗೆ ಗೊತ್ತಾದದ್ದು. ಅಷ್ಟು ವರ್ಷವೂ ಆ ವ್ಯೂಗೆ ಬೆನ್ನು ಹಾಕಿ ಬಟ್ಟೆ ಹಿಂಡಿದ್ದೆವು. ಬೇರೆ ಬಾಡಿಗೆ ಮನೆ ಹುಡುಕಿದೆವು. ನೋಡಿದ್ದೆಲ್ಲ ಹೋಮ್‌ಸ್ಟೇ ಆಗಿತ್ತು, ಇಲ್ಲವೇ ಆಗುವ ದಾರಿಯಲ್ಲಿತ್ತು. ನನ್ನ ಪತ್ನಿ ಸುಮಾ ಸಂಜೆ ಹೊತ್ತು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಲೆಕ್ಕ ಬಂದಲ್ಲಿ ಅವಳದು ಒಂದೇ ಮಾತು. “ಇನ್ನು ಯಾರ ಮನೆಯಿಂದ್ಲೂ ಏಳಿಸ್ಕೊಳ್ಳೋಕೆ ನನ್ನಿಂದಾಗಲ್ಲ. ಸಣ್ಣದಾದ್ರೂ ಸರಿ, ಸ್ವಂತದ್ದು ನೋಡಿ” ಎಂದಳು. ನನ್ನ ಪಿಎಫ್, ಅವಳ ಚಿನ್ನ, ಬ್ಯಾಂಕಿನ ಸಾಲ ಇಷ್ಟೂ ಸೇರಿದರೆ ಒಂದು ಮನೆ ಆಗುತ್ತಿತ್ತು. ಅದು ತಪ್ಪಿ ಎಡವಟ್ಟಿನದಾದರೆ ಎರಡನೆಯದು ಈ ಜನ್ಮದಲ್ಲಿ ಇಲ್ಲ.

ಎಡವಟ್ಟಾಗುವುದಿಲ್ಲ ಎಂಬ ಧೈರ್ಯ ನನಗಿತ್ತು. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಅನುಮಾನಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಸತ್ತವರ ಸುದ್ದಿಯನ್ನೂ ಎರಡು ಕಡೆ ವಿಚಾರಿಸದೆ ಹಾಕಿದವನಲ್ಲ. ಈ ಅಭ್ಯಾಸ ಕಚೇರಿಯಲ್ಲೇ ಉಳಿಯುವಂಥದ್ದೂ ಅಲ್ಲ. ಹೆಣ್ಣು ನೋಡಲು ಮಾದಾಪುರಕ್ಕೆ ಹೋಗಿದ್ದಾಗ, ಉಪ್ಪಿಟ್ಟು ಹುಡುಗಿಯೇ ಮಾಡಿದ್ದು ಎಂದು ಸುಮಾಳ ತಾಯಿ ಹೇಳಿದರು. ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅವಳ ತಂಗಿಯನ್ನು ಕೇಳಿದೆ. ತಂಗಿಯೂ ಹೌದೆಂದಳು. ಮನೆಯಿಂದ ಹೊರಡುವಾಗ ಅವಳ ಸೋದರಮಾವನೂ ಕೇಳದೆಯೇ ಅದನ್ನೇ ಹೇಳಿದರು. ಆ ಉಪ್ಪಿಟ್ಟು ಪಕ್ಕದ ಮನೆಯಿಂದ ಬಂದದ್ದೆಂದು ಮದುವೆಯಾದ ಮೇಲೆ ತಿಳಿಯಿತು. ಅಂದಿನಿಂದ ನನ್ನದೊಂದು ನಿಯಮ: ಇಬ್ಬರು ಒಂದೇ ಸಂಗತಿ ಹೇಳಿದರೆ ಅದು ಸುದ್ದಿ, ಮೂವರು ಅದನ್ನೇ ಅದೇ ಪದಗಳಲ್ಲಿ ಹೇಳಿದರೆ ಅದು ಸಂಚು.

ನಮಗೆ ಸಿಕ್ಕ ಮನೆ ಪಟ್ಟಣದ ಅಂಚಿನ ಬಡಾವಣೆಯೊಂದರಲ್ಲಿತ್ತು. ಹಿಂದೆ ಕಾಫಿ ತೋಟವಾಗಿದ್ದ ಜಾಗ. ಕಾಫಿ ಗಿಡ ಕಿತ್ತು ಸೈಟು ಮಾಡಿದವರು ಮರಗಳನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಸಿಲ್ವರ್ ಓಕ್, ಹಲಸು, ಸಂಪಿಗೆ ರಸ್ತೆಯ ಎರಡೂ ಬದಿಯಿಂದ ಕೈ ಚಾಚಿ ಮೇಲೆ ಚಪ್ಪರ ಹಾಕಿದ್ದವು. ಮನೆಯ ಮಾಲೀಕ ಶಿವಲಿಂಗಪ್ಪ ಸೋಮವಾರಪೇಟೆ ಕಡೆಯ ಮೆಣಸಿನ ವ್ಯಾಪಾರಿ. “ಬೆಳಿಗ್ಗೆ ಹೊತ್ತೇ ಬನ್ನಿ ಸಾರ್, ಹಕ್ಕಿ ಕೂಗ್ತಿರ್ತವೆ” ಎಂದು, ನನ್ನ ಕೆಲಸ ಏನೆಂದು ಕೇಳಿಕೊಂಡ ಮೇಲೆ, ಫೋನಿನಲ್ಲಿ ಹೇಳಿದ್ದರು. ಮಧ್ಯಾಹ್ನದಿಂದ ಪುಟಗಳನ್ನು ಮುದ್ರಣಕ್ಕೆ ಕಳಿಸುವವರೆಗೂ ಕಚೇರಿಯಲ್ಲಿರುವ ನನಗೂ ಬೆಳಗೇ ಅನುಕೂಲ. ಹೋದೆವು; ಹಕ್ಕಿಗಳು ಕೂಗುತ್ತಿದ್ದವು. ಮನೆ ಚೆನ್ನಾಗಿತ್ತು. ನಾನು ಬೆಲೆ ಸ್ವಲ್ಪ ಇಳಿಸಿ ಕೇಳಿದೆ. “ಆಯ್ತು ಬಿಡಿ, ನಿಮ್ಮಂಥವರೇ ಬರ್ಬೇಕು ಇಲ್ಲಿಗೆ” ಎಂದು ಶಿವಲಿಂಗಪ್ಪ ತಕ್ಷಣ ಒಪ್ಪಿದರು. ಮೆಣಸಿನ ವ್ಯಾಪಾರಿಯೊಬ್ಬರು ಒಂದೇ ಮಾತಿಗೆ ದರ ಇಳಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಎದುರು ಮನೆಯ ಕಾವೇರಮ್ಮ ಒಂದು ಚೀಲ ಕಿತ್ತಳೆ ಹಿಡಿದು ಬಂದರು. ನಿವೃತ್ತ ನರ್ಸ್, ಮಾತಾಡುವಾಗಲೂ ನಮ್ಮ ನಾಡಿ ನೋಡುತ್ತಿರುವಂತೆ ಮುಖ ನೋಡುತ್ತಾರೆ. “ಪೇಪರಿನವ್ರಾ? ಒಳ್ಳೇದಾಯ್ತು ಮಾರಾಯ್ರೆ. ನಿಮ್ಮಂಥವರೇ ಬರ್ಬೇಕು ಇಲ್ಲಿಗೆ” ಎಂದು ಚೀಲವನ್ನು ಸುಮಾಳ ಕೈಗಿಟ್ಟರು. ಹಿಂತಿರುಗುವಾಗ ಮೂಲೆಯ ಅಂಗಡಿಯ ಅಬ್ದುಲ್ಲ ಬಾಳೆಹಣ್ಣಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. “ಇರ್ಲಿ ಸಾರೇ, ನಿಮ್ಮಂಥವರೇ ಬರ್ಬೇಕು ಇಲ್ಲಿಗೆ” ಎಂದರು.

ಮೂವರಾದರು. ಸುಲಿದ ಬಾಳೆಹಣ್ಣನ್ನು ತಿನ್ನದೆ ಕೈಯಲ್ಲೇ ಹಿಡಿದು ಮನೆಗೆ ಬಂದೆ.

ಮುಂದಿನ ಒಂದು ತಿಂಗಳು ನಾನು ಅಲ್ಲಿಗೆ ಮತ್ತೆ ಮತ್ತೆ ಹೋದೆ. ಮೊದಲು ಮಣ್ಣಿನ ಅನುಮಾನ. “ಗುಡ್ಡ ಜರಿದ ವರ್ಷ ಇಲ್ಲಿ ಏನಾಯ್ತು?” ಎಂದು ಕಾವೇರಮ್ಮನವರನ್ನು ಕೇಳಿದೆ. “ಎಂತದೂ ಆಗ್ಲಿಲ್ಲ. ನೆಂಟರೆಲ್ಲ ನಮ್ಮಲ್ಲೇ ಬಂದು ಉಳಿದ್ರು, ಅದೊಂದೇ ಕಷ್ಟ ಆದದ್ದು” ಎಂದರು. ಪರಿಚಯದ ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ ಮನೆಯ ಹಿಂದೆ ಗುಡ್ಡ ಕಡಿದ ದರೆಯನ್ನು ತೋರಿಸಿದೆ. ಗಟ್ಟಿ ಇದೆ ಎಂದರು. ಗೋಡೆಗೆ ಹೊಸ ಬಣ್ಣ ಕಂಡು ತೇವ ಮುಚ್ಚಿದ್ದಾರೆಂದು ಕೆರೆದು ನೋಡಿದೆ. ಒಳಗೆ ಹಳೆಯ ಬಣ್ಣವಿತ್ತು. ಬಾವಿಯಲ್ಲಿ ನೀರಿತ್ತು. ಪತ್ರಗಳನ್ನು ವಕೀಲರಿಗೆ ಕೊಟ್ಟೆ. ಅವರಿಗೂ ಏನೂ ಸಿಗದೆ ಬೇಸರವಾಯಿತು. ಆನೆ ಬರುತ್ತದೆಯೇ ಎಂದು ಅಬ್ದುಲ್ಲ ಅವರನ್ನು ಕೇಳಿದ್ದಕ್ಕೆ, “ಆನೆಗೆ ಇಲ್ಲಿ ಎಂತ ಉಂಟು ಸಾರೇ? ಅದು ಸಿದ್ದಾಪುರ ಕಡೆ ತೋಟದಲ್ಲಿ ಹಲಸು ತಿನ್ನೋದು ಬಿಟ್ಟು ನನ್ನ ಅಂಗಡಿಗೆ ಬನ್ ತಿನ್ಲಿಕ್ಕೆ ಬರುತ್ತಾ?” ಎಂದರು. ಆ ಮನೆಯಲ್ಲಿ ಯಾರಾದರೂ ನೇಣು ಹಾಕಿಕೊಂಡಿದ್ದಾರೆಯೇ ಎಂದೂ ವಿಚಾರಿಸಿದೆ. ಯಾರೂ ಹಾಕಿಕೊಂಡಿರಲಿಲ್ಲ. ರಸ್ತೆಗೆ ಡಾಂಬರಿತ್ತು, ಚರಂಡಿ ಇತ್ತು, ಉದ್ದಕ್ಕೂ ಬೀದಿದೀಪದ ಕಂಬಗಳಿದ್ದವು. ಅವನ್ನೆಲ್ಲ ಅನುಕೂಲಗಳ ಸಾಲಿಗೆ ಸೇರಿಸಿದೆ.

“ನಿಮಗೆ ಮನೆ ಬೇಕೋ, ಹೆಡ್ಡಿಂಗ್ ಬೇಕೋ?” ಎಂದು ಸುಮಾ ಕೇಳಿದಳು. ಏಪ್ರಿಲ್‌ನಲ್ಲಿ ನೋಂದಣಿಯಾಯಿತು. ಮೇ ತಿಂಗಳಲ್ಲಿ ಹಾಲು ಉಕ್ಕಿಸಿ ಒಳಗೆ ಬಂದೆವು.

ಬಂದ ಮೊದಲ ಸಂಜೆ ಏಳೂವರೆಗೆ ನಾನು ಕಚೇರಿಯಲ್ಲಿ ಮುಖಪುಟ ಮಾಡುತ್ತಿದ್ದೆ. ಸುಮಾಳ ಫೋನ್ ಬಂತು. “ಬರುವಾಗ ಒಂದು ಟಾರ್ಚ್ ತನ್ನಿ.” ಕರೆಂಟು ಹೋಯಿತೇ ಎಂದೆ. “ಮನೇಲಿದೆ. ರಸ್ತೇಲಿಲ್ಲ. ಗೇಟು ಎಲ್ಲಿದೆ ಅಂತ ಕೈಯಲ್ಲಿ ತಡವಿ ನೋಡ್ಬೇಕು. ನೀವು ಇಲ್ಲಿಗೆ ಸಂಜೆ ಒಂದ್ಸಲನಾದ್ರೂ ಬಂದಿದ್ರಾ?” ಸಂಜೆ ನನಗೆ ಡ್ಯೂಟಿ ಎಂದೆ. ಅವಳು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಕಾವೇರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಬಡಾವಣೆ ಪಟ್ಟಣ ಮತ್ತು ಪಂಚಾಯಿತಿಯ ಗಡಿಯ ಮೇಲೆ ಕೂತಿದೆ. ಬೀದಿದೀಪದ ಬಿಲ್ಲು ನಮ್ಮದಲ್ಲ ಎಂದು ಅವರು, ನಮ್ಮದಲ್ಲ ಎಂದು ಇವರು. ಹೀಗಾಗಿ ಕಂಬಗಳಿವೆ, ದೀಪ ಉರಿಯುವುದಿಲ್ಲ. ಚಂದ್ರನಿದ್ದರೆ ಮರಗಳು ಅವನನ್ನೂ ಬಿಡುವುದಿಲ್ಲ. “ಅದಕ್ಕೇ ಅಲ್ವಾ ಪೇಪರಿನವ್ರು ಬೇಕು ಅಂತ ನಾವು ಕಾದದ್ದು! ಬ್ಯಾಂಕಿನವ್ರೊಬ್ರು ಜಾಸ್ತಿ ದುಡ್ಡಿಗೆ ಕೇಳಿದ್ರು. ಕೊಡ್ಬೇಡಿ ಅಂತ ಶಿವಲಿಂಗಪ್ಪಂಗೆ ನಾನೇ ಹೇಳಿದ್ದು. ಅವ್ರದ್ದು ಇನ್ನೊಂದು ಸೈಟು ಇಲ್ಲೇ ಉಂಟಲ್ಲ, ದೀಪ ಬಂದ್ರೆ ಅದಕ್ಕೂ ರೇಟು ಏರ್ತದೆ. ಬ್ಯಾಂಕಿನವ್ರು ಎಂತ ಮಾಡ್ತಾರೆ, ಕತ್ತಲೆಗೆ ಸಾಲ ಕೊಡ್ತಾರಾ?”

“ಮೊದಲೇ ಹೇಳ್ಬಹುದಿತ್ತಲ್ಲ?” ಎಂದೆ.

“ನೀವು ಗುಡ್ಡ ಕೇಳಿದ್ರಿ, ಹೇಳಿದೆ. ನೇಣು ಕೇಳಿದ್ರಿ, ಹೇಳಿದೆ. ದೀಪ ಕೇಳ್ಲೇ ಇಲ್ಲ ನೀವು.”

ಇಷ್ಟರಲ್ಲಿ ಸುಮಾಳ ಟ್ಯೂಷನ್ ಮಕ್ಕಳು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಕತ್ತಲಲ್ಲಿ ಕಳಿಸುವುದಿಲ್ಲ ಎಂದರು ತಂದೆತಾಯಿ. ಸಾಲದ ಕಂತಿಗೆ ಅವಳ ಟ್ಯೂಷನ್ನೇ ಆಧಾರ. ನಮ್ಮ ಪತ್ರಿಕೆಯಲ್ಲಿ, ಸ್ವಂತ ಬೀದಿಯ ಬಗ್ಗೆ ತಾನೇ ಬರೆಯಬಾರದೆಂಬ ನಿಯಮವಿದೆ. ಅದಕ್ಕೆ ವರದಿಗಾರ ಮಿತ್ರನನ್ನು ಕಳಿಸಿದೆ. ಅವನು ಎರಡೂ ಕಡೆಯವರನ್ನು ಕಂಡು, ಇಬ್ಬರ ಹೇಳಿಕೆಯನ್ನೂ ಸೇರಿಸಿ ದೊಡ್ಡದಾಗಿಯೇ ಬರೆದ. ಆ ದಿನ ಜಾಹೀರಾತು ಹೆಚ್ಚು ಬಂದು ಜಾಗ ಸಾಲಲಿಲ್ಲ. ಸುದ್ದಿಯನ್ನು ನಾಲ್ಕು ಸಾಲಿಗೆ ಇಳಿಸಬೇಕಾಯಿತು. ಇಳಿಸಿದವನು ನಾನೇ. ಬೆಳಿಗ್ಗೆ ಕಾವೇರಮ್ಮ ಕನ್ನಡಕ ಹಾಕಿಕೊಂಡು ಗೇಟಿನ ಬಳಿ ನಿಂತು ಅದನ್ನು ಓದಿದರು. “ಇಷ್ಟೇನಾ? ಮೊನ್ನೆ ಯಾರದೋ ನಾಯಿ ಕಳೆದುಹೋದದ್ದು ಇದಕ್ಕಿಂತ ದೊಡ್ಡದಾಗಿ ಬಂದಿತ್ತಲ್ಲ, ಫೋಟೋ ಸಮೇತ” ಎಂದರು. ಅಂದಿನಿಂದ ಅವರ ಮನೆಯಿಂದ ಕಿತ್ತಳೆ ಬಂದಿಲ್ಲ. ಕಿತ್ತಳೆಯ ಕಾಲ ಮುಗಿದದ್ದೇ ಅದಕ್ಕೆ ಕಾರಣವಿರಬಹುದು. ಎರಡನೆಯ ಮೂಲದಿಂದ ಖಚಿತವಾಗಿಲ್ಲ. ಅಬ್ದುಲ್ಲ ಬಾಳೆಹಣ್ಣಿಗೆ ದುಡ್ಡು ತೆಗೆದುಕೊಳ್ಳುತ್ತಿದ್ದಾರೆ.

ದೀಪ ಇನ್ನೂ ಉರಿದಿಲ್ಲ. ಈ ನಡುವೆ ನಮ್ಮ ಪಕ್ಕದ ಮನೆ ಮಾರಾಟಕ್ಕೆ ಬಂದಿದೆ. ಅದರ ಮಾಲೀಕರು ಮೈಸೂರಿನಲ್ಲಿರುವುದರಿಂದ ಬೀಗದ ಕೈ ನಮ್ಮಲ್ಲೇ ಇದೆ. ಕಳೆದ ಭಾನುವಾರ ಬೆಳಿಗ್ಗೆ ವಿದ್ಯುತ್ ಇಲಾಖೆಯ ಇಂಜಿನಿಯರೊಬ್ಬರು ಪತ್ನಿಯೊಂದಿಗೆ ನೋಡಲು ಬಂದಿದ್ದರು. ಸುಮಾ ಕಾಫಿ ಕೊಟ್ಟಳು. ಕಾವೇರಮ್ಮ ಹಲಸಿನ ಚಿಪ್ಸ್ ತಂದರು. ಗುಡ್ಡ ಜರಿದ ವರ್ಷ ಇಲ್ಲಿ ಏನಾಗಿತ್ತು ಎಂದು ಇಂಜಿನಿಯರು ಕೇಳಿದರು. ಏನೂ ಆಗಿರಲಿಲ್ಲ ಎಂದೆ. ಇನ್ನೊಮ್ಮೆ ಬಂದು ನೋಡುತ್ತೇವೆ, ಸಂಜೆ ಆಫೀಸು ಮುಗಿಸಿ ಬರಬಹುದೇ ಎಂದರು.

“ಬೆಳಿಗ್ಗೆ ಹೊತ್ತೇ ಬನ್ನಿ ಸಾರ್, ಹಕ್ಕಿ ಕೂಗ್ತಿರ್ತವೆ” ಎಂದೆ.